ಬಸಳೆಗೊಂದು ಪೈಪಿನ ಚಪ್ಪರ

ಬಸಳೆ ಚಪ್ಪರಕ್ಕೆ ಅಡಿಕೆ ಮರದ ಕಂಬ ಊರಿದರೆ ಬುಡ ಒರಲೆಗೆ (ಗೆದ್ದಲಿಗೆ), ತಲೆ ಮಳೆಗೆ. ಉಡುಪಿಯ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಗೊತ್ತುಂಟಲ್ಲ! ಹಾಗೆ ನಾನು ಪಿವಿಸಿ ಪೈಪಿಗೆ ಬಂದವಳು. ಅತ್ತೆಗೆ ಮಾತ್ರ ಇಂದಿಗೂ ಅದು "ಬಚ್ಚಲಿನ ಚಪ್ಪರ".

ಒಂದಿಂಚಿನ, 20 ಅಡಿ ಉದ್ದದ ನೀರಿನ ಪೈಪ್ ಎರಡು, ಪೈಪ್ ಕೂಡಿಸುವ ಎಲ್ಬೋ (L ಆಕಾರದ್ದು) 4, ಟೀ (T ಆಕಾರದ್ದು) 4 ತನ್ನಿ. ವಯರಿಂಗಿನ ತೆಳು ಪೈಪ್ ಅಗ್ಗವೆಂದು ತರಬೇಡಿ ಮಾರಾಯ್ರೆ, ನೆನೆದ ಬಸಳೆಯ ಭಾರಕ್ಕೆ ಬಾಗಿಬಿಡುತ್ತದೆ. ಒಂದು ಪೈಪಿನಲ್ಲಿ 5 ಅಡಿಯ ನಾಲ್ಕು ಕಾಲು. ಇನ್ನೊಂದರಲ್ಲಿ 6 ಅಡಿಯದ್ದು ಎರಡು, ಮೂರೂವರೆ ಅಡಿಯದ್ದು ಎರಡು, ಉಳಿದ ಒಂದಡಿಗೆ 3 ಇಂಚಿನ ನಾಲ್ಕು ತುಂಡು. ಪೈಪಿಗೆ ಪೇಪರ್ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಗೆರೆ ಎಳೆದರೆ ಹ್ಯಾಕ್ಸಾ ಗರಗಸ ಓರೆ ಹೋಗುವುದಿಲ್ಲ. ಉದುರಿದ ಪುಡಿಯನ್ನು ಬಚ್ಚಲ ಒಲೆಗೆ ಹಾಕಬೇಡಿ. ಪಿವಿಸಿ ಸುಟ್ಟರೆ ಬರುವುದು ಆಮ್ಲದ ಹೊಗೆ.

ಮೂರೂವರೆ ಅಡಿ ತುಂಡಿನ ಎರಡೂ ತುದಿಗೆ ಟೀ, ಅದರಾಚೆ 3 ಇಂಚಿನ ತುಂಡು, ಕೊನೆಗೆ ಎಲ್ಬೋ. ಇಂಥದ್ದು ಎರಡು. ನೆಲದಲ್ಲಿ ಮಲಗಿಸಿದಾಗ ಎಲ್ಬೋ ಎರಡೂ ನೆಲಕ್ಕೆ ಒರಗಿ ಒಂದೇ ಕಡೆ ತಿರುಗಿರಬೇಕು, ಟೀಯ ನಡುಬಾಯಿ ಆಕಾಶ ನೋಡಬೇಕು. ಮೊದಲು ಪಿವಿಸಿ ಅಂಟಿಸುವ ಗಮ್ ಇಲ್ಲದೆ ಜೋಡಿಸಿ, ಪ್ರತಿ ಸಂದಿಗೂ ಅಡ್ಡವಾಗಿ ಪೆನ್ಸಿಲ್ ಗೆರೆ ಹಾಕಿಕೊಳ್ಳಿ. ಬಿಚ್ಚಿ, ಒರೆಸಿ, ಪೈಪಿನ ಹೊರಗೂ ಟೀಯ ಒಳಗೂ ಗಮ್ ತೆಳ್ಳಗೆ ಸವರಿ, ಕಾಲು ಸುತ್ತು ತಿರುಗಿಸುತ್ತಾ ಗೆರೆಗೆ ಗೆರೆ ಕೂಡುವಂತೆ ತಳ್ಳಿ. ಅರ್ಧ ನಿಮಿಷ ಒತ್ತಿ ಹಿಡಿಯಿರಿ, ಇಲ್ಲವಾದರೆ ಪೈಪ್ ಹಿಂದಕ್ಕೆ ಜಾರುತ್ತದೆ.

ಗಮ್ ಇಷ್ಟಕ್ಕೇ ಸಾಕು. ನೀರು ಹರಿಯುವ ಪೈಪಲ್ಲವಲ್ಲ, ಕಾಲನ್ನು ಎಲ್ಬೋಗೂ 6 ಅಡಿಯ ಪೈಪನ್ನು ಟೀಗೂ ತೂರಿಸಿ ಒಂದೊಂದು ಸ್ಕ್ರೂ ಹಾಕಿದರೆ ಬೇಕಾದಾಗ ಬಿಚ್ಚಿ ಬೇರೆ ಕಡೆ ನಿಲ್ಲಿಸಬಹುದು. 6 ಅಡಿಯ ಪೈಪು ನಡುವೆ ಜೋಲದಂತೆ ಕೆತ್ತಿದ ಅಡಿಕೆ ಮರದ ಸಲಾಕೆಯನ್ನು ಅದರ ಒಳಗೆ ತೂರಿಸಿ. ಅಲ್ಲಿ ಅದಕ್ಕೆ ಮಳೆಯೂ ಇಲ್ಲ, ಒರಲೆಯೂ ಇಲ್ಲ.

ನಮ್ಮದು ಮುರಕಲ್ಲಿನ ನೆಲ, ಪೈಪು ಇಳಿಯುವುದಿಲ್ಲ. ಹಾರೆಯಿಂದ ಗುಳಿ ಮಾಡಿ ಕಬ್ಬಿಣದ ಸರಳು ಬಡಿದು, ಕಾಲನ್ನು ಅದರ ಮೇಲೆ ಇಳಿಸಿ ಒಳಗೆ ಒಣ ಮರಳು ತುಂಬಿದೆ. ಮೇಲೆ ನೈಲಾನ್ ಹಗ್ಗದ ಬಲೆ. ಬಿಸಿಲಿಗೆ ಪಿವಿಸಿ ಪೆಡಸಾಗಿ ಒಡೆಯುತ್ತದೆ, ಆದ್ದರಿಂದ ಮರಳುಕಾಗದ ಉಜ್ಜಿ ಒಂದು ಕೋಟ್ ಪೈಂಟ್ ಕೊಡಿ. ಬಸಳೆ ಹಬ್ಬಿದ ಮೇಲೆ ಬ್ರಷ್ ಒಳಗೆ ಹೋಗುವುದಿಲ್ಲ, ಬಳ್ಳಿ ನೆಡುವ ಮೊದಲೇ ಮುಗಿಸಿ.