‘ಟರ್ನ್ ಆಫ್ ಇಟ್’ ಅಲ್ಲ, ‘ಟರ್ನ್ ಇಟ್ ಆಫ್’

‘ಟರ್ನ್ ಆಫ್ ದ ಫ್ಯಾನ್’, ‘ಟರ್ನ್ ದ ಫ್ಯಾನ್ ಆಫ್’ ಎರಡೂ ಸರಿ. ಆದರೆ ಫ್ಯಾನ್ ಜಾಗಕ್ಕೆ ‘ಇಟ್’ ಬಂದರೆ ಒಂದೇ ದಾರಿ, ಅದು ನಡುವೆಯೇ ಕೂರಬೇಕು: ಟರ್ನ್ ಇಟ್ ಆಫ್. ‘ಪಿಕ್ ಮಿ ಅಪ್’, ‘ಕಾಲ್ ಹಿಮ್ ಬ್ಯಾಕ್’, ‘ಫಿಲ್ ಇಟ್ ಇನ್’ ಕೂಡ ಹಾಗೆಯೇ.

ಇದನ್ನೇ ಎಲ್ಲ ಕಡೆ ಹಚ್ಚಬೇಡಿ. ‘ಲುಕ್ ಆಫ್ಟರ್ ದೆಮ್’, ‘ವೇಟ್ ಫಾರ್ ಮಿ’, ‘ಲಿಸನ್ ಟು ಹರ್’ ಇವುಗಳಲ್ಲಿ ಸರ್ವನಾಮ ಕೊನೆಗೇ. ಅನುಮಾನ ಬಂದರೆ ನಾಮಪದವನ್ನು ನಡುವೆ ಇಟ್ಟು ನೋಡಿ: ‘ಲುಕ್ ದ ಚಿಲ್ಡ್ರನ್ ಆಫ್ಟರ್’ ಎಂದು ಯಾರೂ ಹೇಳುವುದಿಲ್ಲ, ಹಾಗಾಗಿ ‘ದೆಮ್’ ಕೂಡ ನಡುವೆ ಬಾರದು. ಉಚ್ಚಾರಣೆಯೂ ಸುಳಿವು ಕೊಡುತ್ತದೆ. ‘ಟರ್ನ್ ಇಟ್ ಆಫ್’ನಲ್ಲಿ ಒತ್ತು ‘ಆಫ್’ ಮೇಲೆ. ‘ಲಿಸನ್ ಟು ಹರ್’ನಲ್ಲಿ ‘ಟು’ ಕೇಳಿಯೂ ಕೇಳದಂತೆ ಸರಿದುಹೋಗುತ್ತದೆ.

ನಮ್ಮವರು ಹೆಚ್ಚು ಎಡವುವುದು ಮಾತ್ರ ಬೇರೆ ಕಡೆ, ಕನ್ನಡದ ‘ಗೆ’, ‘ಬಗ್ಗೆ’ಗಳನ್ನು ಹಾಗೇ ಹೊತ್ತೊಯ್ದಾಗ. ‘ಅದರ ಬಗ್ಗೆ ಚರ್ಚಿಸೋಣ’ ಎನ್ನಲು ‘ಡಿಸ್ಕಸ್ ಅಬೌಟ್ ಇಟ್’ ಅಲ್ಲ, ಬರೀ ‘ಡಿಸ್ಕಸ್ ಇಟ್’. ‘ಟೆಲ್ ಟು ಹಿಮ್’ ತಪ್ಪು, ‘ಟೆಲ್ ಹಿಮ್’ ಸಾಕು. ‘ಎಕ್ಸ್‌ಪ್ಲೇನ್’ಗೆ ಮಾತ್ರ ‘ಟು’ ಬೇಕೇ ಬೇಕು: ಎಕ್ಸ್‌ಪ್ಲೇನ್ ಇಟ್ ಟು ಮಿ. ಆಫೀಸಿನ ಇ-ಮೇಲ್‌ಗಳಲ್ಲಿ ‘ಎಕ್ಸ್‌ಪ್ಲೇನ್ ಮಿ’ ಎದ್ದು ಕಾಣುವ ತಪ್ಪು.