ಆಗರದ ಹರಳುಪ್ಪಿನಲ್ಲೇ ಹೇಲೋಆರ್ಕಿಯಾ ಬೆಳೆಸಿದ್ದು: ನನ್ನ ಅನುಭವ

ಹೇಲೋಆರ್ಕಿಯಾ ಅಂದರೆ ತೀರಾ ಉಪ್ಪಾದ ನೀರಿನಲ್ಲಿ ಬದುಕುವ, ಬ್ಯಾಕ್ಟೀರಿಯಾ ಅಲ್ಲದ ಸೂಕ್ಷ್ಮಜೀವಿಗಳು. ಗೋಕರ್ಣದ ಹತ್ತಿರ ಸಾಣಿಕಟ್ಟಾ ಆಗರದಿಂದ (ಉಪ್ಪು ತೆಗೆಯುವ ಗದ್ದೆ) ತಂದ ಹರಳುಪ್ಪಿನಲ್ಲೇ ಅವಕ್ಕೆ ಮೀಡಿಯಾ, ಅಂದರೆ ಬೆಳೆಯಲು ಬೇಕಾದ ಆಹಾರ, ಮಾಡುತ್ತೇನೆ ಅಂದಾಗ ವಿಭಾಗದಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಮಣ್ಣು ಕಸ ಇರೋ ಉಪ್ಪು, ರಿಸಲ್ಟ್ ಯಾರು ನಂಬ್ತಾರೆ?’ ಅಂದರು. ಈಗ ಪಕ್ಕದ ಕಾಲೇಜಿನವರೂ ಕಲ್ಚರ್ (ಬೆಳೆಸಿಟ್ಟ ಜೀವಿಗಳು) ಕೇಳಿಕೊಂಡು ನನ್ನ ಹತ್ತಿರವೇ ಬರುತ್ತಾರೆ.

ಲೀಟರ್ ಮೀಡಿಯಾಗೆ 250 ಗ್ರಾಂ ಉಪ್ಪು ಬೇಕು. ಲ್ಯಾಬಿಗೆಂದೇ ಶುದ್ಧ ಮಾಡಿದ ಎಆರ್ ಗ್ರೇಡ್ ಉಪ್ಪು ಕಿಲೋಗೆ 400 ರೂಪಾಯಿ ಆಸುಪಾಸು. ಪ್ರಾಜೆಕ್ಟ್ ಹುಡುಗರಿದ್ದರೆ ಸೆಮಿಸ್ಟರಿನ ದುಡ್ಡೆಲ್ಲ ಉಪ್ಪಿಗೇ ಹೋಯಿತು. ಆಗರದ್ದು 10–15 ರೂಪಾಯಿ ದಾಟಲಿಲ್ಲ, ಮೇಲಾಗಿ ಇವಕ್ಕೆ ಬೇಕಾದ ಮೆಗ್ನೀಸಿಯಂ ಅದರಲ್ಲೇ ಇರುತ್ತದೆ. ಕರಗಿಸಿ, ರಾತ್ರಿಯಿಡೀ ತಿಳಿಯಾಗಲು ಬಿಟ್ಟು ಸೋಸುತ್ತೇನೆ. ಸೋಸುವ ಮುಂಚೆ ಮಾಡುವ ಇನ್ನೊಂದು ಕೆಲಸ ಸದ್ಯಕ್ಕೆ ನಮ್ಮ ಲ್ಯಾಬಿನಲ್ಲೇ ಇರಲಿ.

ಮೊದಲು ಪ್ಲೇಟುಗಳೆಲ್ಲ ಖಾಲಿ. ಎಲ್ಲರೂ ಉಪ್ಪನ್ನೇ ದೂರಿದರು. ಆದರೆ ಎಆರ್ ಉಪ್ಪಿನ ಪ್ಲೇಟೂ ಖಾಲಿಯೇ ಇತ್ತಲ್ಲ! ತೊಂದರೆ ಇದ್ದದ್ದು ಆಹಾರವಾಗಿ ಹಾಕುವ ಪೆಪ್ಟೋನಿನಲ್ಲಿ (ಅರೆ ಜೀರ್ಣಿಸಿದ ಪ್ರೋಟೀನ್). ಕೆಲವು ಪೆಪ್ಟೋನುಗಳಲ್ಲಿ ಉಳಿದಿರುವ ಪಿತ್ತದ ಆಮ್ಲಗಳು ಈ ಜೀವಿಗಳ ಕೋಶವನ್ನೇ ಒಡೆದುಹಾಕುತ್ತವೆ. ಅದನ್ನು ಬಿಟ್ಟು ಕ್ಯಾಸಮಿನೋ ಆಸಿಡ್ (ಹಾಲಿನ ಪ್ರೋಟೀನ್ ಒಡೆದು ಮಾಡಿದ್ದು), ಯೀಸ್ಟ್ ಎಕ್ಸ್‌ಟ್ರಾಕ್ಟಿಗೆ ಬಂದ ಮೇಲೆ ದಾರಿ ತೆರೆಯಿತು. ಬ್ಯಾಕ್ಟೀರಿಯಾ ತಡೆಯಲು ಆಂಪಿಸಿಲಿನ್ ಹಾಕಿ. ಆ ಔಷಧಿ ಕೆಡಿಸುವುದು ಬ್ಯಾಕ್ಟೀರಿಯಾದ ಪೆಪ್ಟಿಡೋಗ್ಲೈಕಾನ್ ಗೋಡೆಯನ್ನು; ಹೇಲೋಆರ್ಕಿಯಾಗೆ ಆ ಗೋಡೆಯೇ ಇಲ್ಲ, ಏನೂ ಆಗುವುದಿಲ್ಲ.

ಇನ್ನೊಂದು ಕಾಟ, ಪ್ಲೇಟು ಒಣಗಿ ಮೇಲೆಲ್ಲ ಉಪ್ಪಿನ ಹರಳು ಕಟ್ಟುವುದು. ದಪ್ಪಗೆ ಸುರಿದು, ಒದ್ದೆ ಹತ್ತಿಯೊಂದಿಗೆ ಜಿಪ್ ಕವರಿನಲ್ಲಿಟ್ಟು 40 ಡಿಗ್ರಿಯಲ್ಲಿ ಬಿಡಿ. ವಾರಕ್ಕೇ ಬಿಸಾಡುವವರೇ ಹೆಚ್ಚು. ನನಗೆ ಕಾಲೊನಿ ಕಂಡದ್ದು ಮೂರನೇ ವಾರದ ಹೊತ್ತಿಗೆ: ಒಂದು ಮಿಲಿಮೀಟರೂ ಇಲ್ಲದ, ಹೊಳೆಯುವ, ದಾಳಿಂಬೆ ಕಾಳಿನಂಥ ಕೆಂಪು ಚುಕ್ಕೆಗಳು. ಸ್ಲೈಡಿನಲ್ಲಿ ಕವರ್ ಸ್ಲಿಪ್ಪಿನ ಅಂಚಿಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಬಿಟ್ಟರೆ, ಉದ್ದಕ್ಕಿದ್ದ ಕೋಶಗಳು ಗುಂಡಗಾಗಿ, ನೋಡನೋಡುತ್ತಲೇ ಒಡೆದು ಮಾಯ. ಡಿಎನ್‌ಎ ತೆಗೆಯಲೂ ಇದೇ ಸಾಕು, ಕಿಟ್ಟಿನ ಖರ್ಚು ಉಳಿಯಿತು. ಸ್ಟೈನಿಂಗಿಗೆ (ಬಣ್ಣ ಹಾಕಿ ನೋಡಲು) ಮಾತ್ರ ಸ್ಲೈಡನ್ನು ಬೆಂಕಿಗೆ ಹಿಡಿಯಬೇಡಿ, 2% ಅಸಿಟಿಕ್ ಆಸಿಡ್‌ನಲ್ಲಿ ಫಿಕ್ಸ್ ಮಾಡಿ, ಅಂದರೆ ಕೋಶಗಳನ್ನು ಇದ್ದಂತೆಯೇ ನಿಲ್ಲಿಸಿ. ಉಪ್ಪೂ ಹೋಗುತ್ತದೆ, ಆಕಾರವೂ ಉಳಿಯುತ್ತದೆ.

ನಡುವೆ ಕುಮಟಾ ಪೇಟೆಯಿಂದ ಗುಲಾಬಿ ಬಣ್ಣಕ್ಕೆ ತಿರುಗಿದ ಉಪ್ಪುಮೀನು ತಂದು ಅದೇ ಪ್ಲೇಟಿಗೆ ಉಜ್ಜಿದೆ. ಅಲ್ಲೂ ಕೆಂಪು ಕಾಲೊನಿಗಳೇ, ಆಗರದವಕ್ಕಿಂತ ಬೇಗ ಬಂದವು. ಲ್ಯಾಬಿನಲ್ಲಿ ವಾಸನೆ ಎರಡು ದಿನ ಹೋಗಲಿಲ್ಲ, ಆದರೂ ಹುಡುಗರಿಗೆ ಒಳ್ಳೇ ಪ್ರಾಜೆಕ್ಟ್.

ಈಗ ನಾನು ಬೆನ್ನು ಹತ್ತಿರುವುದು ಹೇಲೋಕ್ವಾಡ್ರೇಟಮ್ ಎಂಬ ಚೌಕಾಕಾರದ ಹೇಲೋಆರ್ಕಿಯಾವನ್ನು. 1980ರಲ್ಲೇ ಕಂಡಿದ್ದರೂ ಅದನ್ನು ಲ್ಯಾಬಿನಲ್ಲಿ ಬೆಳೆಸಿದ್ದು 2004ರಲ್ಲಿ. ಅದಕ್ಕೆಂದೇ ಉಪ್ಪು ತೆಗೆದ ಮೇಲೆ ಉಳಿಯುವ ಕಹಿನೀರನ್ನು ಮಳೆಗೆ ಮೊದಲೇ ಕ್ಯಾನಿಗೆ ತುಂಬಿಸಿಟ್ಟಿದ್ದೇನೆ.