ತೂಕ ಸರಿಯಾಗಿ 12 ಟನ್ ಇದ್ದಾಗ ಮಾತ್ರ ಕೆಡುವ ಪ್ರೋಗ್ರಾಂ: ಜಾವಾದ ಜೆನೆರಿಕ್ ಮೆಥಡ್, ಕಾಸ್ಟ್

ಮಂಡ್ಯದ ಆಲೆಮನೆಯೊಂದಕ್ಕೆ ಕಬ್ಬಿನ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೀರಿ ಅನ್ನಿ. ಜೇಸನ್‌ನಿಂದ (ಡೇಟಾ ಬರೆದಿಡುವ ಒಂದು ಪಠ್ಯರೂಪ) ಓದಿದ ಒಂದೊಂದು ತೂಕದ ಚೀಟಿಯೂ ಒಂದು ಮ್ಯಾಪ್, ಅಂದರೆ ಕೀ ಕೊಟ್ಟರೆ ಅದರ ವ್ಯಾಲ್ಯೂ ಸಿಗುವ ಪಟ್ಟಿ. ಕೀ ಸ್ಟ್ರಿಂಗ್, ವ್ಯಾಲ್ಯೂ ಆಬ್ಜೆಕ್ಟ್ (ಯಾವ ಜಾತಿಯದೂ ಆಗಬಹುದು). ಪ್ರತಿ ಸಲ ಕಾಸ್ಟ್ ('ಇದನ್ನು ಈ ಟೈಪ್ ಎಂದು ತಿಳಿ' ಎಂಬ ಸೂಚನೆ) ಬರೆಯುವ ಬದಲು ಒಂದು ಜೆನೆರಿಕ್ ಮೆಥಡ್ (ಕೇಳಿದ ಟೈಪಿಗೆ ಹೊಂದಿಕೊಳ್ಳುವ ಮೆಥಡ್) ಮಾಡಿಕೊಳ್ಳುತ್ತೀರಿ. ರಿಟರ್ನ್ ಟೈಪಿಗೂ ಮೊದಲು ಆ್ಯಂಗಲ್ ಬ್ರಾಕೆಟ್ಟಿನಲ್ಲಿ 'ಟಿ', ಆಮೇಲೆ ರಿಟರ್ನ್ ಟೈಪೂ 'ಟಿ'. ಒಳಗೆ ಮ್ಯಾಪಿನಿಂದ ತೆಗೆದದ್ದನ್ನು 'ಟಿ'ಗೆ ಕಾಸ್ಟ್ ಮಾಡಿ ವಾಪಸ್ ಕೊಡುತ್ತದೆ.

ತೂಕವನ್ನು ಡಬಲ್ ಎಂದು ಕೇಳುತ್ತೀರಿ. 12.5 ಟನ್ ಬಂದರೆ ಸರಿಯಾಗಿ ಓಡುತ್ತದೆ. 12 ಬಂದರೆ ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್ (ಟೈಪ್ ಹೊಂದಲಿಲ್ಲ ಎಂಬ ದೋಷ)! ಜೇಸನ್ ಓದುವ ಜ್ಯಾಕ್ಸನ್‌ನಂಥ ಲೈಬ್ರರಿ 12.5 ಅನ್ನು ಡಬಲ್ ಆಗಿಯೂ 12 ಅನ್ನು ಇಂಟಿಜರ್ ಆಗಿಯೂ ಓದಿಕೊಂಡಿರುತ್ತದೆ. ಸಣ್ಣಕ್ಷರದ ಇಂಟ್ ಅನ್ನು (ಆಬ್ಜೆಕ್ಟ್ ಅಲ್ಲದ ಬರೀ ಸಂಖ್ಯೆ) ಸಣ್ಣಕ್ಷರದ ಡಬಲ್‌ಗೆ ಕಾಸ್ಟ್ ಮಾಡಿದರೆ 12 ಹೋಗಿ 12.0 ಆಗಿ ಕೂರುತ್ತದೆ. ಆಬ್ಜೆಕ್ಟ್ ಕಾಸ್ಟ್ ಹಾಗಲ್ಲ: ಅದು ಏನನ್ನೂ ಬದಲಿಸುವುದಿಲ್ಲ, 'ಇದು ಆ ಜಾತಿಯದೇ?' ಎಂದು ನೋಡುತ್ತದೆ ಅಷ್ಟೆ. ಇಂಟಿಜರ್ ಆಬ್ಜೆಕ್ಟ್ ಎಂದೂ ಡಬಲ್ ಆಬ್ಜೆಕ್ಟ್ ಅಲ್ಲ.

ತಲೆ ಕೆಡಿಸುವುದು ಮುಂದಿನದು. ಎಕ್ಸೆಪ್ಷನ್ ತೋರಿಸುವ ಸಾಲು ಕಾಸ್ಟ್ ಬರೆದ ಸಾಲಲ್ಲ, ಮೆಥಡ್ ಕರೆದ ಸಾಲು. 2004ರಲ್ಲಿ ಜಾವಾ 5ರ ಜೊತೆ ಜೆನೆರಿಕ್ಸ್ ಬಂದಾಗ ಹಳೆಯ ಕೋಡ್ ಕೆಡದಿರಲೆಂದು ಟೈಪ್ ಅಳಿಸುವ ದಾರಿ ಹಿಡಿದರು. ಕಂಪೈಲ್ ಆದ ಮೇಲೆ 'ಟಿ' ಬರೀ ಆಬ್ಜೆಕ್ಟ್. ಒಳಗಿನ ಕಾಸ್ಟ್ ಏನನ್ನೂ ಪರೀಕ್ಷಿಸುವುದಿಲ್ಲ. ನಿಜವಾದ ಪರೀಕ್ಷೆಯನ್ನು ಕಂಪೈಲರ್ ಕರೆದ ಕಡೆ ಸೇರಿಸುತ್ತದೆ. ಬಂದದ್ದನ್ನು ನೇರವಾಗಿ ಡಬಲ್‌ಗಳ ಲಿಸ್ಟಿಗೆ ಹಾಕಿದರೆ ಅಲ್ಲೂ ಪರೀಕ್ಷೆ ಇಲ್ಲ, ಇಂಟಿಜರ್ ಸದ್ದಿಲ್ಲದೆ ಒಳಗೆ ಸೇರಿ, ಒಟ್ಟು ಕೂಡುವಾಗ ಸಿಡಿಯುತ್ತದೆ. ತಪ್ಪೊಂದು ಕಡೆ, ಹುಡುಕುವುದು ಇನ್ನೊಂದು ಕಡೆ.

ಸರಿಪಡಿಸಲು ಮೆಥಡ್‌ಗೆ 'ಕ್ಲಾಸ್ ಆಫ್ ಟಿ' ಎಂಬ ಇನ್ನೊಂದು ಪ್ಯಾರಾಮೀಟರ್ ಸೇರಿಸಿ, ಕಾಸ್ಟ್ ಚಿಹ್ನೆಯ ಬದಲು ಅದರ ಕಾಸ್ಟ್ ಮೆಥಡ್ ಬಳಸಿ. ಆಗ ತಪ್ಪು ಆ ಸಾಲಿನಲ್ಲೇ ಸಿಕ್ಕಿಬೀಳುತ್ತದೆ. ಕರೆಯುವಾಗ ದೊಡ್ಡಕ್ಷರದ ಡಬಲ್‌ನ ಕ್ಲಾಸನ್ನೇ ಕೊಡಿ. ಸಣ್ಣಕ್ಷರದ್ದು ಕೊಟ್ಟರೆ 12.5 ಕೂಡ ಎಕ್ಸೆಪ್ಷನ್ ಆಗುತ್ತದೆ. ತೂಕಕ್ಕಂತೂ ಡಬಲ್ ಕೇಳಲೇಬೇಡಿ: ಇಂಟಿಜರ್, ಡಬಲ್ ಎರಡೂ ಸೇರುವ ನಂಬರ್ ಕ್ಲಾಸ್ ಕೇಳಿ, ಬಂದದ್ದರ ಮೇಲೆ ಡಬಲ್‌ವ್ಯಾಲ್ಯೂ ಕರೆಯಿರಿ. 12 ಆಗಲಿ 12.5 ಆಗಲಿ ನಡೆಯುತ್ತದೆ. ಕೀ ಇಲ್ಲದಿದ್ದರೆ ನಲ್ (ಏನೂ ಇಲ್ಲ ಎಂಬ ಗುರುತು) ಬರುತ್ತದೆ, ಕಾಸ್ಟ್ ಅದನ್ನು ತಡೆಯುವುದಿಲ್ಲ. ಡಬಲ್‌ವ್ಯಾಲ್ಯೂ ಕರೆಯುವ ಮೊದಲೇ ನೋಡಿಕೊಳ್ಳಿ.

ಹಳೆಯ ಕೋಡಿನಲ್ಲಿ ಪರೀಕ್ಷೆಯಿಲ್ಲದ ಇಂಥ ಕಾಸ್ಟ್ ಎಲ್ಲೆಲ್ಲಿವೆ ಎಂದು ತಿಳಿಯಲು ಕಂಪೈಲರ್‌ಗೆ '-ಎಕ್ಸ್‌ಲಿಂಟ್:ಅನ್‌ಚೆಕ್ಡ್' ಕೊಡಿ, ಸಾಲು ಸಂಖ್ಯೆ ಸಮೇತ ತೋರಿಸುತ್ತದೆ. ಆ ಎಚ್ಚರಿಕೆಯನ್ನು ಸಪ್ರೆಸ್‌ವಾರ್ನಿಂಗ್ಸ್ ಹಾಕಿ ಮುಚ್ಚುವ ಮೊದಲು ಆ ಸಾಲನ್ನು ಒಮ್ಮೆ ಓದಿ.